ಮಸಿ, ಹೆಬ್ಬೆಟ್ಟು, ತೇಪೆ: ನಾಲ್ಕು ತಾಲ್ಲೂಕುಗಳ ಚಿತ್ರ ಚರಿತ್ರೆ

ಹರಿದ ಪೇಪರು, ಹಳೇ ರಶೀದಿ, ಬಟ್ಟೆಯ ಚೂರು, ಬೆಂಕಿಪೊಟ್ಟಣದ ಲೇಬಲ್ಲು, ಇವನ್ನೆಲ್ಲ ಒಂದು ಹಾಳೆಗೆ ಅಂಟಿಸಿ ಅದರ ಮೇಲೆ ಕರಿ ಇಂಕಿನಲ್ಲಿ ಗೆರೆ ಎಳೆದ ಚಿತ್ರಗಳನ್ನು ಈಗ ಎಷ್ಟೋ ಕಡೆ ನೋಡುತ್ತೇವೆ. ಮಿಶ್ರ ಮಾಧ್ಯಮ ಅಂತಲೂ ಕೊಲಾಜ್ ಅಂತಲೂ ಅದಕ್ಕೆ ಹೆಸರು. "ಇದೇನ್ ಚಿತ್ರ ಸ್ವಾಮಿ, ತಲೆ ಇಲ್ಲ ಬುಡ ಇಲ್ಲ" ಅನ್ನುವವರು ಒಂದು ಕಡೆ. "ಇದು ಪ್ಯಾರಿಸ್ಸಿನಲ್ಲಿ ಹುಟ್ಟಿದ ಕಲೆ, ಹಳ್ಳಿಯವರಿಗೆ ತಿಳಿಯುವಂಥದ್ದಲ್ಲ" ಅನ್ನುವ ಪಂಡಿತರು ಇನ್ನೊಂದು ಕಡೆ. ಬೈಯುವವರೂ ಹೊಗಳುವವರೂ ಕೊನೆಗೆ ಹೇಳುವುದು ಒಂದೇ ಮಾತು: ಈ ಚಿತ್ರಕ್ಕೂ ಕೇರಿಗೂ ಸಂಬಂಧವಿಲ್ಲ, ಹಾಡಿಗೂ ಸಂಬಂಧವಿಲ್ಲ.

ಈ ಮಾತನ್ನು ಒಪ್ಪಲು ಸಾಧ್ಯವಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕುಗಳ ದಲಿತರ ಮತ್ತು ಆದಿವಾಸಿಗಳ ಚರಿತ್ರೆಯನ್ನು ಬರೆಯಲು ಕೂತವರಿಗೆ ಸಿಕ್ಕುವುದೇ ಚೂರುಗಳು. ರಾಜರಿಗೆ ಶಾಸನವಿದೆ, ಮಠಕ್ಕೆ ಕಡತವಿದೆ, ಶಾನುಭೋಗರ ಮನೆಯಲ್ಲಿ ಲೆಕ್ಕದ ಪುಸ್ತಕವಿದೆ. ಕೇರಿಯಲ್ಲಿ ಇರುವುದು ಟ್ರಂಕಿನ ತಳದಲ್ಲಿ ಮಡಿಸಿಟ್ಟ ಒಂದು ಸಾಗುವಳಿ ಚೀಟಿ, ಅಜ್ಜಿ ಹೇಳುವ ಅರ್ಧ ಕತೆ, ಹೆಬ್ಬೆಟ್ಟಿನ ಒಂದು ಗುರುತು. ಹರಿದದ್ದನ್ನು ಹರಿದದ್ದಕ್ಕೆ ಸೇರಿಸಿ ಹೊಲಿಯುವುದಕ್ಕೆ ನಮ್ಮ ಹೆಂಗಸರು ತೇಪೆ ಹಾಕೋದು ಅನ್ನುತ್ತಾರೆ. ಕೊಲಾಜಿಗೆ ಕನ್ನಡದಲ್ಲಿ ಬೇರೆ ಪದ ಹುಡುಕಬೇಕಾಗಿಲ್ಲ.

*

ಮೊದಲು ಪ್ಯಾರಿಸ್ಸಿನ ಮಾತು ಮುಗಿಸಿಬಿಡೋಣ. 1912ರಲ್ಲಿ ಪಿಕಾಸೊ ಮತ್ತು ಬ್ರಾಕ್ ಎಂಬ ಇಬ್ಬರು ತಮ್ಮ ಚಿತ್ರಗಳಿಗೆ ಕಾಗದದ ಚೂರುಗಳನ್ನು ಅಂಟಿಸಿದರು. ಕೊಲಾಜ್ ಎಂಬುದು ಫ್ರೆಂಚಿನಲ್ಲಿ ಅಂಟಿಸು ಎಂಬ ಮಾತಿನಿಂದ ಬಂದದ್ದು. ಅದನ್ನು ಹೋರಾಟದ ಆಯುಧ ಮಾಡಿಕೊಂಡವನು ಜರ್ಮನಿಯ ಜಾನ್ ಹಾರ್ಟ್‌ಫೀಲ್ಡ್. ಪತ್ರಿಕೆಯ ಫೋಟೋಗಳನ್ನು ಕತ್ತರಿಸಿ ಜೋಡಿಸಿ ಹಿಟ್ಲರನ ಬಣ್ಣ ಬಯಲು ಮಾಡಿದ. 1933ರಲ್ಲಿ ದೇಶ ಬಿಟ್ಟು ಓಡಬೇಕಾಯಿತು. ಕತ್ತರಿ ಗೋಂದಿಗೂ ಅಧಿಕಾರ ಹೆದರುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಇಂಕಿನ ಗೆರೆಗೆ ಹೆದರಿದ ಕತೆ ನಮ್ಮ ದೇಶದಲ್ಲೇ ಇದೆ. 1943ರ ಬಂಗಾಳದ ಬರಗಾಲದಲ್ಲಿ ಲಕ್ಷಗಟ್ಟಲೆ ಜನ ಹಸಿದು ಸತ್ತಾಗ ಚಿತ್ತಪ್ರಸಾದ್ ಎಂಬ ಕಲಾವಿದ ಊರೂರು ನಡೆದು ಅವರನ್ನು ಕರಿ ಇಂಕಿನಲ್ಲಿ ಬರೆದ. ಆ ಚಿತ್ರಗಳ ಪುಸ್ತಕವನ್ನು ಬ್ರಿಟಿಷ್ ಸರ್ಕಾರ ಹಿಡಿದು ಸುಟ್ಟಿತು. ಅದೇ ಬರದಲ್ಲಿ ಜೈನುಲ್ ಅಬೆದಿನ್ ಇದ್ದಿಲಿನಿಂದ ತಾನೇ ಮಸಿ ಮಾಡಿಕೊಂಡು, ಸಾಮಾನು ಕಟ್ಟುವ ಅಗ್ಗದ ಕಾಗದದ ಮೇಲೆ ಬರೆದ.

ಇನ್ನು ನಮ್ಮ ಮೈಸೂರು. ಅರಮನೆಯ ಆಶ್ರಯದಲ್ಲಿ ಬೆಳೆದ ಮೈಸೂರು ಶೈಲಿಯ ದೇವರ ಚಿತ್ರಗಳಿವೆಯಲ್ಲ, ಅವೂ ಮಿಶ್ರ ಮಾಧ್ಯಮವೇ. ಕಾಗದದ ಮೇಲೆ ಕಾಗದ ಅಂಟಿಸಿ ಹಲಗೆ ಮಾಡುವುದು, ಬಿಳಿ ಸರಿಯನ್ನು ಮೆತ್ತಿ ಉಬ್ಬು ಎಬ್ಬಿಸುವುದು, ಅದರ ಮೇಲೆ ಚಿನ್ನದ ರೇಕು ಅಂಟಿಸುವುದು. ಮೊದಲ ಗೆರೆ ಎಳೆಯಲು ಬಳಸುತ್ತಿದ್ದದ್ದು ಹುಣಿಸೆ ಕಡ್ಡಿ ಸುಟ್ಟ ಇದ್ದಿಲು. ಹುಣಸೂರಿನ ಹೆಸರಿನಲ್ಲೇ ಹುಣಿಸೆ ಇದೆ. ಆದರೆ ಆ ಚಿತ್ರಗಳಲ್ಲಿ ಹುಣಸೂರಿನ ಕೇರಿಯವನು ಇಲ್ಲ. ದೇವರಿದ್ದಾನೆ, ದೊರೆಯಿದ್ದಾನೆ, ಆನೆ ಕುದುರೆಗಳಿವೆ. ಈಸ್ಟ್ ಇಂಡಿಯಾ ಕಂಪೆನಿಯ ಕಾಲದಿಂದ 1860ರ ದಶಕದವರೆಗೆ ಹುಣಸೂರಿನಲ್ಲಿ ಸೈನ್ಯಕ್ಕಾಗಿ ಚರ್ಮ ಹದ ಮಾಡುವ ದೊಡ್ಡ ಕಾರ್ಖಾನೆಯಿತ್ತು, ಕಂಬಳಿಯ ಕಾರ್ಖಾನೆಯಿತ್ತು. ಸಿಪಾಯಿಯ ಸೊಂಟದ ಪಟ್ಟಿ ಚಿತ್ರದಲ್ಲಿ ಮಿರಿಮಿರಿ ಮಿಂಚುತ್ತದೆ. ಆ ಚರ್ಮವನ್ನು ಸುಣ್ಣದ ಗುಂಡಿಯಲ್ಲಿ ತುಳಿದವನ ಕಾಲು ಯಾವ ಚಿತ್ರದಲ್ಲೂ ಬರಲಿಲ್ಲ.

*

ಹಾಗಾದರೆ ನಮ್ಮವರು ಗೆರೆ ಎಳೆಯಲೇ ಇಲ್ಲವೇ? ಎಳೆದರು. ಮಸಿಯಲ್ಲಲ್ಲ, ಕಾಲಿನಲ್ಲಿ.

1870ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ಅಧಿಕಾರಿಯಾಗಿದ್ದ ಕ್ಯಾಪ್ಟನ್ ಮೆಕೆಂಜಿ ಎಂಬ ಇಂಗ್ಲಿಷಿನವನು ಒಂದು ಪದ್ಧತಿಯನ್ನು ಬರೆದಿಟ್ಟಿದ್ದಾನೆ. ಎರಡು ಊರುಗಳ ನಡುವೆ ಗಡಿ ತಕರಾರು ಬಂದರೆ ತೀರ್ಪು ಹೇಳಬೇಕಾದವನು ಗೌಡನಲ್ಲ, ಶಾನುಭೋಗನಲ್ಲ, ಹೊಲೆಯರ ಕುಳುವಾಡಿ. ಊರ ಮಣ್ಣನ್ನು ಉಂಡೆ ಕಟ್ಟಿ, ಒಳಗೆ ನೀರಿಟ್ಟು ಅವನ ತಲೆಯ ಮೇಲಿಡುತ್ತಿದ್ದರು. ಅವನು ಗಡಿಯ ಉದ್ದಕ್ಕೂ ನಡೆಯಬೇಕು. ಸರಿಯಾದ ಗೆರೆಯಲ್ಲಿ ನಡೆದರೆ ಉಂಡೆ ಉಳಿಯುತ್ತದೆ, ತಪ್ಪಿದರೆ ತಾನಾಗಿ ಒಡೆಯುತ್ತದೆ, ಹಾಗೆ ತಪ್ಪಿದವನು ಹದಿನೈದು ದಿನದಲ್ಲಿ ಸಾಯುತ್ತಾನೆ ಎಂಬುದು ನಂಬಿಕೆ.

ಇದನ್ನು ಓದಿ ಪುಳಕಗೊಳ್ಳುವ ಮೊದಲು ಯೋಚನೆ ಮಾಡಬೇಕು. ಊರಿನ ಎಲ್ಲೆ ಯಾವುದು ಎಂಬ ತಿಳಿವಳಿಕೆ ಇದ್ದದ್ದು ಊರ ಹೊರಗಿನವನ ಹತ್ತಿರ. ಸುಳ್ಳು ಹೇಳಿದರೆ ಸಾಯಬೇಕಾದವನೂ ಅವನೇ. ಎಲ್ಲೆಯನ್ನು ತಲೆಯ ಮೇಲೆ ಹೊತ್ತು ನಡೆದವನಿಗೆ ಆ ಎಲ್ಲೆಯೊಳಗೆ ಹೊಲ ಇತ್ತೇ? ತೋಟಿ ತಳವಾರಿಕೆಗೆ ಅಂತ ಕೊಟ್ಟ ತುಂಡು ಇನಾಂ ಬಿಟ್ಟರೆ ಬಹಳ ಮಂದಿಗೆ ಏನೂ ಇರಲಿಲ್ಲ.

ಕಾಲಿನ ಗೆರೆಯನ್ನು ಮಸಿಯ ಗೆರೆ ನುಂಗಿದ್ದು ಆಮೇಲೆ. 1799ರಲ್ಲಿ ಟಿಪ್ಪು ಬಿದ್ದ ಕೂಡಲೇ ಕಂಪೆನಿ ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಮೈಸೂರನ್ನು ಅಳೆಯುವುದು. ಕಾಲಿನ್ ಮೆಕೆಂಜಿ (ಮೇಲೆ ಹೇಳಿದ ಕ್ಯಾಪ್ಟನ್ ಅಲ್ಲ, ಇವನು ಬೇರೆ) ಸರ್ವೆ ನಡೆಸಿ ನಕ್ಷೆ ಬರೆಸಿದ. ಅದೇ ಹೊತ್ತಿಗೆ, 1800-01ರಲ್ಲಿ, ಫ್ರಾನ್ಸಿಸ್ ಬುಕಾನನ್ ಪಿರಿಯಾಪಟ್ಟಣದ ಕಡೆಯೂ ಸುತ್ತಾಡಿ ಏನು ಬೆಳೆಯುತ್ತದೆ, ಯಾರು ದುಡಿಯುತ್ತಾರೆ, ಕಾಡಿನ ಕುರುಬರು ಹೇಗಿದ್ದಾರೆ ಅಂತ ಬರೆದುಕೊಂಡು ಹೋದ. 1863ರಲ್ಲಿ ಕಂದಾಯ ಸರ್ವೆ ಶುರುವಾಯಿತು. ಊರೂರಿಗೆ ಸರಪಣಿ ಬಂತು, ಬಾಂದುಕಲ್ಲು ನೆಟ್ಟರು, ಹೊಲಕ್ಕೆ ನಂಬರು ಬಿತ್ತು. ಬಾಂದು ಎಲ್ಲಿದೆ ಅಂತ ತೋರಿಸಲು ತೋಟಿ ಬೇಕಾಗಿದ್ದ. ಗೆರೆ ಎಳೆಯಲು, ಹೆಸರು ಬರೆಯಲು ಬೇಡವಾಗಿದ್ದ.

ಇವತ್ತಿಗೂ ಯಾವುದೇ ಊರಿನ ಹಳೆಯ ಗ್ರಾಮ ನಕಾಶೆ ತೆಗೆದು ನೋಡಿ. ಬಹಳ ಅಚ್ಚುಕಟ್ಟಾದ ಇಂಕಿನ ಚಿತ್ರ ಅದು. ಕೆರೆ, ದೇವಸ್ಥಾನ, ಬಂಡಿದಾರಿ ಎಲ್ಲಕ್ಕೂ ಗುರುತಿದೆ. ಕೇರಿಯವರು ಹೆಣ ಹೂಳುವ ಜಾಗಕ್ಕೆ ಗುರುತಿದೆಯೇ? ಅವರ ಬಾವಿಗೆ? ಇಲ್ಲದ ಕಡೆಯೆಲ್ಲ ಮುಂದೆ ಜಗಳವಾಗಿದೆ. ನಕಾಶೆಯಲ್ಲಿ ಇಲ್ಲ ಅಂದರೆ ಭೂಮಿಯ ಮೇಲೂ ಇಲ್ಲ ಅನ್ನುವುದು ಕಚೇರಿಯ ನ್ಯಾಯ. ಎಡತೊರೆಯನ್ನು ಕಾವೇರಿಯ ಪ್ರವಾಹ ಕಾಡಿದ ಮೇಲೆ 1920ರ ದಶಕದ ಕೊನೆಯ ಹೊತ್ತಿಗೆ ಹತ್ತಿರದಲ್ಲೇ ಹೊಸ ಊರು ಕಟ್ಟಿ ನಾಲ್ವಡಿಯವರ ಹೆಸರಿಟ್ಟರು. ಅದೇ ಕೃಷ್ಣರಾಜನಗರ. ನಕ್ಷೆ ಬರೆದು ಕಟ್ಟಿದ ಊರು, ಬೀದಿಗಳು ನೆಟ್ಟಗಿವೆ. ಅಂಥ ಊರುಗಳಲ್ಲೂ ಯಾರ ಮನೆ ಎಲ್ಲಿ ಅನ್ನುವುದನ್ನು ಹಳೆಯ ಜಾತಿಯ ಗೆರೆಯೇ ಬರೆಯಿತು.

*

ನಕಾಶೆಯಲ್ಲಿ ಇಲ್ಲದವನಿಗೂ ಮಸಿ ತಾಗಿದ್ದು ಒಂದು ಕಡೆ: ಹೆಬ್ಬೆಟ್ಟಿಗೆ.

ಅದರ ಚರಿತ್ರೆ ಬಂಗಾಳದಲ್ಲಿ ಶುರುವಾಗುತ್ತದೆ. 1858ರಲ್ಲಿ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ರಸ್ತೆಗೆ ಸಾಮಗ್ರಿ ಒದಗಿಸುವ ರಾಜ್ಯಧರ ಕೋನಾಯಿ ಎಂಬವನ ಇಡೀ ಅಂಗೈಗೆ ಮಸಿ ಬಳಿದು ಕರಾರು ಪತ್ರಕ್ಕೆ ಒತ್ತಿಸಿದ. ಕಾರಣ ಸರಳ. ಈ ಜನ ಕೊಟ್ಟ ಮಾತಿಗೆ ನಿಲ್ಲುವುದಿಲ್ಲ ಎಂಬ ಅಪನಂಬಿಕೆ. ಅಲ್ಲಿಂದ ಬೆಳೆದು 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯೇ ಆಯಿತು. ಬೆರಳಚ್ಚುಗಳನ್ನು ವಿಂಗಡಿಸುವ ಪದ್ಧತಿಗೆ ದುಡಿದವರು ಅಜೀಜುಲ್ ಹಕ್, ಹೇಮಚಂದ್ರ ಬೋಸ್. ಹೆಸರು ಬಂದದ್ದು ಮೇಲಧಿಕಾರಿ ಹೆನ್ರಿಗೆ.

ಆ ಮಸಿ ನಮ್ಮ ಹಳ್ಳಿಗಳಿಗೆ ಬಂದಾಗ ಜೀತದ ಪತ್ರದ ಮೇಲೆ ಕೂತಿತು. ಮದುವೆಗೆ ತಂದ ಸಾಲಕ್ಕೆ ಅಪ್ಪ ಒತ್ತಿದ ಹೆಬ್ಬೆಟ್ಟು, ಮಗನ ದುಡಿಮೆಯನ್ನು ಕಟ್ಟಿಹಾಕಿತು. ಮೇಲೆ ಏನು ಬರೆದಿದೆ ಅಂತ ಒತ್ತಿದವನಿಗೆ ಗೊತ್ತಿಲ್ಲ. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ, 1976ರಲ್ಲಿ ಕಾಯ್ದೆ ಬಂದು ಜೀತ ರದ್ದಾಯಿತು. ಕಾಗದದ ಮೇಲೆ ರದ್ದಾದದ್ದು ಹಟ್ಟಿ ಕೊಟ್ಟಿಗೆಗಳಲ್ಲಿ ರದ್ದಾಗಲು ಇನ್ನೂ ಬಹಳ ವರ್ಷ ಹಿಡಿಯಿತು.

ಅಕ್ಷರ ಕೊಡದ ಸಮಾಜ ನೂರು ವರ್ಷ ಕಾಲ ದಲಿತನ ಕೈಯಲ್ಲಿ ಬರೆಸಿದ ಮಸಿಯ ಚಿತ್ರ ಅದೊಂದೇ. ಇವತ್ತು ಮಿಶ್ರ ಮಾಧ್ಯಮದ ಚಿತ್ರ ಬರೆಯುವವರು ಹೆಬ್ಬೆಟ್ಟಿನ ಸುರುಳಿಗೆರೆಗಳನ್ನು ದೊಡ್ಡದು ಮಾಡಿ ಬರೆದರೆ, ಅದನ್ನು ಚೆಂದದ ವಿನ್ಯಾಸ ಅಂತ ನೋಡಿ ಸುಮ್ಮನಾಗುವಂತಿಲ್ಲ. ಅದು ಉಳುವ ಸಾಲಿನ ಹಾಗೂ ಕಾಣುತ್ತದೆ, ಹಗ್ಗದ ಹಾಗೂ ಕಾಣುತ್ತದೆ.

ಬೇರೆಯವರು ನಮ್ಮ ಚಿತ್ರ ತೆಗೆದದ್ದೂ ಉಂಟು. ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಸಂಪುಟಗಳು 1928ರಿಂದ 1935ರೊಳಗೆ ಅಚ್ಚಾದವು. ಪಂಡಿತರಿಗೆ ಉಪಯೋಗದ ಪುಸ್ತಕ, ಇಲ್ಲ ಅನ್ನುವುದಿಲ್ಲ. ಆದರೆ ಆ ಕಾಲದ ಇಂಥ ಪುಸ್ತಕಗಳ ಫೋಟೋದ ಕೆಳಗೆ ಹೆಚ್ಚಾಗಿ ಸಿಕ್ಕುವುದು ಜಾತಿಯ ಹೆಸರು, ಮನುಷ್ಯನ ಹೆಸರಲ್ಲ. ಕ್ಯಾಮೆರಾದ ಮುಂದೆ ನಿಂತವನು ಮಾದರಿಯಾಗಿ ನಿಂತ, ಯಾರದೋ ಮಗನಾಗಿ, ಯಾರದೋ ಅಣ್ಣನಾಗಿ ನಿಲ್ಲಲಿಲ್ಲ.

*

ಕೇರಿಯ ಗೋಡೆಯ ಮೇಲೆ ಚಿತ್ರ ಬಂದದ್ದು ಅಚ್ಚಿನ ಯಂತ್ರದಿಂದ. ರವಿವರ್ಮ 1894ರಲ್ಲಿ ಮುದ್ರಣಾಲಯ ಹಾಕಿದ. ಆಮೇಲೆ ಲಕ್ಷ್ಮಿ, ಸರಸ್ವತಿಯರ ಬಣ್ಣದ ಪಟಗಳು, ಅವನ್ನು ನೋಡಿ ಮಾಡಿದ ಕ್ಯಾಲೆಂಡರುಗಳು ಕಾಸಿಗೆ ಸಿಕ್ಕುವಂತಾದವು. ಯಾವ ದೇವರ ಗುಡಿಯೊಳಗೆ ಕಾಲಿಡುವ ಹಾಗಿರಲಿಲ್ಲವೋ ಆ ದೇವರೇ ಕಾಗದವಾಗಿ ಗುಡಿಸಲೊಳಗೆ ಬಂದ. ದೇವರು ಬಂದರೂ ಗುಡಿ ಬಾಗಿಲು ತೆರೆಯಲಿಲ್ಲ. ಮೈಸೂರು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ದಲಿತರು ತಮ್ಮ ಮನೆಯ ದೇವರ ಪಟಗಳನ್ನು ಕಿತ್ತೆಸೆಯಬೇಕು ಅಂದದ್ದು ಇದಕ್ಕೇ. ಆ ಮಾತಿಗೆ ಎದ್ದ ಸಿಟ್ಟು ಇನ್ನೂ ಆರಿರಲಿಲ್ಲ, 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಅವರಾಡಿದ ಬೂಸಾ ಮಾತು ದೊಡ್ಡ ಗಲಭೆಯಾಗಿ ಮಂತ್ರಿಗಿರಿಯನ್ನೇ ಕಳೆಯಿತು. ಮರುವರ್ಷ ಭದ್ರಾವತಿಯಲ್ಲಿ ಬಿ. ಕೃಷ್ಣಪ್ಪನವರ ಮುಂದಾಳ್ತನದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿತು. ಮೈಸೂರಿನಿಂದ 'ಪಂಚಮ' ಪತ್ರಿಕೆ ಹೊರಟಿತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಬಂತು.

ಈ ಹೊತ್ತಿಗೆ ಗೋಡೆ ಬದಲಾಯಿತು. ಲಕ್ಷ್ಮಿಯ ಪಕ್ಕ ಅಂಬೇಡ್ಕರ್ ಬಂದರು, ಕೆಲವು ಕಡೆ ಲಕ್ಷ್ಮಿಯ ಜಾಗಕ್ಕೇ ಬಂದರು. ಬುದ್ಧ ಬಂದ. ಪತ್ರಿಕೆಯಿಂದ ಕತ್ತರಿಸಿದ ಚಿತ್ರ, ಸಮಾವೇಶದ ಕರಪತ್ರ, ಸತ್ತ ಅಪ್ಪನ ಒಂದೇ ಒಂದು ಫೋಟೋ, ಎಲ್ಲವೂ ಅನ್ನದ ಗಂಜಿಯಲ್ಲಿ ಅಂಟಿಸಿದ್ದು. ಕೊಲಾಜ್ ಎಂಬ ಪದ ಕೇಳದ ಜನ ಮಾಡಿದ ಕೊಲಾಜು. ಊರಿನ ಗೋಡೆಗಳಲ್ಲಿ ನೀಲಿ ಬಣ್ಣದ ಬರಹ ಕಾಣಿಸಿತು. ಸಣ್ಣ ಪತ್ರಿಕೆಗಳ ಮುಖಪುಟಕ್ಕೆ ಇಂಕಿನ ರೇಖೆಯೇ ಗತಿಯಾಗಿತ್ತು. ಬಣ್ಣದ ಬ್ಲಾಕಿಗೆ ದುಡ್ಡೆಲ್ಲಿ? ಕಪ್ಪು ಗೆರೆಯ ಮುಷ್ಟಿ, ಕಪ್ಪು ಗೆರೆಯ ಮುಖ, ಬಿರುಕು ಬಿಟ್ಟ ನೆಲ. ಬಡತನದಿಂದ ಬಂದ ಶೈಲಿ ಅದು.

ಅದೇ ವರ್ಷಗಳಲ್ಲಿ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದರು. 1974ರ ಭೂಸುಧಾರಣೆಯಿಂದ ಗೇಣಿದಾರರು ಫಾರಂ ನಂಬರ್ 7 ತುಂಬಿ ಹೊಲ ಕೇಳುವಂತಾಯಿತು. ದೊಡ್ಡ ಹೆಜ್ಜೆ ಅದು. ಆದರೆ ಗೇಣಿಗೂ ಹೊಲ ಸಿಗದೆ ಬರೀ ಕೂಲಿ ಮಾಡುತ್ತಿದ್ದವನಿಗೆ, ಜೀತಕ್ಕಿದ್ದವನಿಗೆ ಆ ಫಾರಂ ಇರಲಿಲ್ಲ. ಅವನಿಗೆ ಸಿಕ್ಕಿದ್ದು ದರಖಾಸ್ತಿನ ಎರಡೆಕರೆ, ಅದೂ ಕಷ್ಟಕ್ಕೆ ಕೈತಪ್ಪುತ್ತಿತ್ತು. ಹಾಗೆ ಪರಭಾರೆಯಾದ ಮಂಜೂರಿ ಜಮೀನನ್ನು ವಾಪಸು ಕೊಡಿಸಲು 1978ರಲ್ಲಿ ಕಾಯ್ದೆ ಬಂತು. 2017ರಲ್ಲಿ ಸುಪ್ರೀಂ ಕೋರ್ಟು, ಇಷ್ಟು ವರ್ಷ ಬಿಟ್ಟು ಬಂದರೆ ಆಗದು, ಸಮಂಜಸ ಕಾಲದೊಳಗೆ ಕೇಳಬೇಕು ಅಂದಿತು. 2023ರಲ್ಲಿ ಕರ್ನಾಟಕ ಕಾಯ್ದೆಗೆ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಎಂದು ಬರೆಯಿತು. ಈಗ ಯೋಚಿಸಿ, ಟ್ರಂಕಿನ ತಳದ ಆ ಚೀಟಿ ಎಂಥ ವಸ್ತು! ಗೆದ್ದಲು ತಿಂದರೆ ಎರಡೆಕರೆಯ ಸಾಕ್ಷಿಯನ್ನೇ ತಿಂದ ಹಾಗೆ.

*

ಹೆಗ್ಗಡದೇವನಕೋಟೆ ಮತ್ತು ಹುಣಸೂರಿನ ಕಾಡಂಚಿನಲ್ಲಿ ಚೀಟಿಯೂ ಇರಲಿಲ್ಲ. ಜೇನುಕುರುಬ, ಬೆಟ್ಟಕುರುಬ, ಯರವರ ಹಾಡಿಗಳಿಗೆ ಕಾಡೇ ದಾಖಲೆ. ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. 1974ರಲ್ಲಿ ಕಬಿನಿ ಅಣೆಕಟ್ಟೆ ಮುಗಿದು ಹಿನ್ನೀರು ಏರಿತು. ಪ್ರತಿಯೊಂದಕ್ಕೂ ಒಂದು ನಕ್ಷೆ, ಅದರಲ್ಲಿ ಒಂದು ಮಸಿಯ ಗೆರೆ. ಗೆರೆಯ ಒಳಗಿದ್ದವರನ್ನು ಹೊರಕ್ಕೆ ತಂದು ಹಾಕಿದರು. ಹೈಕೋರ್ಟು ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಕೊಟ್ಟ ವರದಿ ನಾಗರಹೊಳೆಯಿಂದ 3,418 ಕುಟುಂಬಗಳು ಹೊರದೂಡಲ್ಪಟ್ಟವು ಎಂದು ಲೆಕ್ಕ ಹಾಕಿತು.

2006ರ ಅರಣ್ಯ ಹಕ್ಕು ಕಾಯ್ದೆ ಮಸಿಯ ಚರಿತ್ರೆಯನ್ನು ಒಂದಿಷ್ಟು ತಿರುಗಿಸಿತು. ಅದರ ನಿಯಮದಲ್ಲಿ ಹಿರಿಯರ ಹೇಳಿಕೆಯೂ ಸಾಕ್ಷಿ. ಹಳೆಯ ಬಾವಿ, ಗುಂಡಿ ತೆಗೆದು ಹೂತ ಜಾಗ, ದೇವರ ಜಾಗ ಸಾಕ್ಷಿ. ಕೇಳುವ ಜಾಗಕ್ಕೆ ಊರಿನ ಅರಣ್ಯ ಹಕ್ಕು ಸಮಿತಿಯೇ ನಕ್ಷೆ ಮಾಡಬೇಕು. ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಯಾವ ಜನರನ್ನು ಒಂದು ಗೆರೆ ಒಕ್ಕಲೆಬ್ಬಿಸಿತೋ ಆ ಜನ ತಾವೇ ಪೆನ್ನು ಹಿಡಿದು, ಇಲ್ಲಿ ನಮ್ಮ ಅಜ್ಜ ಮಲಗಿದ್ದಾನೆ, ಇಲ್ಲಿ ಜೇನು ಕುಯ್ಯುವ ಮರ, ಇಲ್ಲಿ ನೀರು ಎಂದು ಬರೆಯಬಹುದು, ಅದು ಕಾನೂನಿನ ಮುಂದೆ ನಿಲ್ಲುತ್ತದೆ. ಕೊಟ್ಟ ಅರ್ಜಿಗಳು ಮೂಲೆ ಸೇರಿದ್ದೂ ಇದೆ, ತಿರಸ್ಕಾರವಾದದ್ದೂ ಇದೆ. 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕೊಡಗಿನ ಬದಿಯ ಕರಡಿಕಲ್ಲು ಅತ್ತೂರು ಕೊಲ್ಲಿಯ ಜೇನುಕುರುಬ ಕುಟುಂಬಗಳು ಹಳೆಯ ಹಾಡಿಗೆ ವಾಪಸು ನಡೆದದ್ದು ಇದೇ ಹಕ್ಕನ್ನು ಹಿಡಿದು. ಮತ್ತೆ ಕಾಲಿನಲ್ಲಿ ಗೆರೆ ಎಳೆದರು.

ಹುಣಸೂರು, ಪಿರಿಯಾಪಟ್ಟಣದ ಬಯಲಿನಲ್ಲಿ ಇನ್ನೊಂದು ಮಸಿ ಇದೆ. ಹೊಗೆಸೊಪ್ಪಿನ ಹಸಿ ಎಲೆ ಕೀಳುವ, ಕಡ್ಡಿಗೆ ಕಟ್ಟುವ ಹೆಂಗಸರ ಕೈಗೆ ಎಲೆಯ ಅಂಟು ಮೆತ್ತಿ ಕಪ್ಪಾಗುತ್ತದೆ, ತೊಳೆದರೆ ಬೇಗ ಹೋಗುವುದಿಲ್ಲ. ಒದ್ದೆ ಎಲೆಯಿಂದ ತಲೆಸುತ್ತು, ವಾಂತಿ. ತಂಬಾಕು ಮಂಡಳಿ 1976ರಲ್ಲಿ ಬಂತು, 1984ರಲ್ಲಿ ಕರ್ನಾಟಕದಲ್ಲಿ ಅದರ ಹರಾಜು ಶುರುವಾಯಿತು. ಬ್ಯಾರನ್ನಿಗೆ ಲೈಸನ್ಸ್ ಇದೆ, ಬೇಲಿಗೆ ಚೀಟಿ ಇದೆ, ತೂಕಕ್ಕೆ ರಶೀದಿ ಇದೆ. ಎಲೆ ಕಟ್ಟಿದವಳ ಹೆಸರು ಇವ್ಯಾವುದರಲ್ಲೂ ಇಲ್ಲ. ಅಂಥ ರಶೀದಿಯೊಂದರ ನಕಲನ್ನು ಹಾಳೆಗೆ ಅಂಟಿಸಿ, ಅದರ ಮೇಲೆ ಆ ಕಪ್ಪು ಕೈಯನ್ನು ಇಂಕಿನಲ್ಲಿ ಬರೆದರೆ ಅದು ಚಿತ್ರವೂ ಹೌದು, ಲೆಕ್ಕಪುಸ್ತಕದ ತಿದ್ದುಪಡಿಯೂ ಹೌದು.

*

ಮೈಸೂರಿನ ಮಸಿಯ ಚರಿತ್ರೆಯಲ್ಲಿ ಒಂದು ಒಳ್ಳೆಯ ಮಾತೂ ಇದೆ. 1937ರಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಶುರುವಾಯಿತು. 1962ರ ಮಹಾಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಅಲ್ಲಿಂದಲೇ ಹೋಗುತ್ತಿದೆ. ಜಮೀನ್ದಾರನ ಬೆರಳಿಗೂ ಜೀತದಾಳಿನ ಬೆರಳಿಗೂ ಒಂದೇ ಅಳತೆಯ ಗೆರೆ. ಅಂಬೇಡ್ಕರ್ ಕೊಡಿಸಿದ ಗೆರೆ ಅದು. ಆದರೆ ಕೆಲವು ವಾರಕ್ಕೆ ಉಗುರು ಬೆಳೆದು ಅದು ಮಾಸುತ್ತದೆ. ನಡುವಿನ ಐದು ವರ್ಷ ನಮ್ಮ ಗೆರೆಯನ್ನು ನಾವೇ ಬರೆದುಕೊಳ್ಳಬೇಕು.

ಅದಕ್ಕೇ ಇವತ್ತಿನ ಈ ತೇಪೆ ಚಿತ್ರಗಳ ಮೇಲೆ ನಮಗೆ ಹಕ್ಕೂ ಇದೆ, ಅನುಮಾನವೂ ಇರಬೇಕು. ಗ್ಯಾಲರಿಯಲ್ಲಿ ಹರಿದ ಸೀರೆಯ ಚೂರಿಗೆ ಗಾಜು ಹಾಕಿ ಲಕ್ಷಕ್ಕೆ ಮಾರುವವರಿದ್ದಾರೆ. ಸೀರೆ ಯಾರದು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಹಳೆಯ ಸಂಪುಟಗಳ ಫೋಟೋಕ್ಕೂ ಅದಕ್ಕೂ ಏನು ವ್ಯತ್ಯಾಸ? ಚಿತ್ರ ನೋಡುವಾಗ ಮೂರು ಪ್ರಶ್ನೆ ಸಾಕು. ಈ ಚೂರು ಯಾರ ಮನೆಯದು? ಅವರನ್ನು ಕೇಳಿ ತಂದದ್ದೇ? ಅವರ ಹೆಸರು ಎಲ್ಲಿದೆ?

ಹಳ್ಳಿಯ ಮೇಷ್ಟರುಗಳು ಇದನ್ನು ನಾಳೆಯೇ ಶುರು ಮಾಡಬಹುದು. ಇಂಕು, ಗೋಂದು, ಒಂದು ದೊಡ್ಡ ಹಾಳೆ ಸಾಕು. ಮಕ್ಕಳು ತಮ್ಮ ಕೇರಿಯ, ಹಾಡಿಯ ನಕ್ಷೆಯನ್ನು ತಾವೇ ಬರೆಯಲಿ. ಬಾವಿ, ಹೂಳುವ ಜಾಗ, ಹಳೆಯ ದಾರಿ, ಒತ್ತುವರಿಯಾದ ಗೋಮಾಳ ಎಲ್ಲವೂ ಅದರಲ್ಲಿ ಬರಲಿ. ಅಜ್ಜ ಅಜ್ಜಿಯರನ್ನು ಕೇಳಿ ಬರೆಯಲಿ, ಮುಖ ಬರೆದರೆ ಕೆಳಗೆ ಹೆಸರು ಬರೆಯಲಿ. ಮನೆಯ ಟ್ರಂಕಿನಿಂದ ಚೀಟಿ, ರಶೀದಿ, ನೋಟೀಸು ತಂದು ತೋರಿಸಲಿ. ಆದರೆ ಒಂದು ಮಾತು ಮರೆಯಬೇಡಿ: ಮೂಲ ಚೀಟಿಗೆ ಗೋಂದು ತಾಗಿಸಬೇಡಿ. ಜೆರಾಕ್ಸ್ ಮಾಡಿಸಿ ನಕಲನ್ನು ಚಿತ್ರಕ್ಕೆ ಅಂಟಿಸಿ. ಮೂಲವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಗೆದ್ದಲು ಬಾರದ ಕಡೆ ಇಡಲು ಆ ಮನೆಯವರಿಗೇ ಹೇಳಿ ವಾಪಸು ಕೊಡಿ. ತಾಲ್ಲೂಕು ಕಚೇರಿಯಲ್ಲಿ, ಕೋರ್ಟಿನಲ್ಲಿ ಅದು ಬೇಕಾಗುತ್ತದೆ.